ಆಯ್ದಕ್ಕಿ ಲಕ್ಕಮ್ಮನ ವಚನಗಳಲ್ಲಿ ಆಸೆಯೂ ಹಂಗೂ

ಶಿವಶರಣರ ಕಾಯಕತತ್ತ್ವವನ್ನು ಕುರಿತು ಕನ್ನಡದಲ್ಲಿ ಹುಟ್ಟಿರುವ ಬರೆಹಗಳು ಅಲ್ಪಸಂಖ್ಯೆಯವಲ್ಲ. ಫ. ಗು. ಹಳಕಟ್ಟಿಯವರು ೧೯೨೩ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲನೆಯ ಭಾಗವನ್ನೂ ೧೯೩೦ರಲ್ಲಿ ‘ಶೂನ್ಯಸಂಪಾದನೆ’ಯನ್ನೂ ಅಚ್ಚುಹಾಕಿಸಿ ಬೆಳಕಿಗೆ ತಂದ ಮೇಲೆ ಈ ತತ್ತ್ವವು ಪಂಡಿತರ ಗೋಷ್ಠಿಗಳಿಂದ ಪಾಠಶಾಲೆಗಳಿಗೂ, ಪಾಠಶಾಲೆಗಳಿಂದ ಕಚೇರಿ ಕಾರ್ಖಾನೆಗಳ ಗೋಡೆಗಳಿಗೂ ಇಳಿದಿದೆ. ಕಾಯಕವನ್ನು ಕೈಲಾಸದೊಡನೆ ಅಭೇದವಾಗಿ ಹೇಳುವ ಪ್ರಸಿದ್ಧವಾದ ಮಾತನ್ನು ಬಾಯಿಪಾಠಮಾಡದ ಕನ್ನಡಿಗನಿಲ್ಲ. ಅದನ್ನು ಬಸವಣ್ಣನವರದೆಂದು ತಿಳಿದಿರುವವರೇ ಹೆಚ್ಚು. ಆದರೆ ಅದು ದೊರೆಯುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ರಾಜನ ಭಂಡಾರವನ್ನು ಕಾಯುತ್ತಿದ್ದ ಪ್ರಧಾನಿಯು ಆಡಿದ ಮಾತಿಗೂ, ಆ ಪ್ರಧಾನಿಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ಜೀವಿಸುತ್ತಿದ್ದವನು ಆಡಿದ ಮಾತಿಗೂ ಶಬ್ದವು ಒಂದೇ ಆದರೂ ಅರ್ಥವು ಒಂದೇ ಆಗಲಾರದು. ಈ ವ್ಯತ್ಯಾಸವನ್ನು ಲಕ್ಷಿಸದಿರುವುದರಿಂದ ಮಾರಯ್ಯನ ಮಾತಿಗೂ, ಅದಕ್ಕಿಂತ ಹೆಚ್ಚಾಗಿ ಅವನ ಹೆಂಡತಿಯಾದ ಲಕ್ಕಮ್ಮನ ಮಾತುಗಳಿಗೂ ಈಗ ನಡೆಯುತ್ತಿರುವ ಎರಡು ವಿಧದ ವ್ಯಾಖ್ಯಾನಗಳು ಪರಸ್ಪರ ವಿರುದ್ಧವಾಗಿದ್ದರೂ ಒಂದೇ ತಪ್ಪಿನಲ್ಲಿ ಕೂಡಿಕೊಂಡಿವೆ.

ಕಾಯಕವೆಂದರೆ ಉದ್ಯಮಶೀಲತೆ, ಬಿಡುವಿಲ್ಲದೆ ದುಡಿಯುವುದೇ ದೇವಪೂಜೆ, ಆದುದರಿಂದ ದುಡಿದಷ್ಟೂ ಶ್ರೇಯಸ್ಸು ಎಂಬುದು ಮೊದಲನೆಯದು. ಕಾಯಕವೆಂದರೆ ವೈರಾಗ್ಯದ ಒಂದು ಪ್ರಕಾರ. ಇದ್ದುದರಲ್ಲಿ ತೃಪ್ತಿಪಡುವುದೇ ಅದರ ಸಾರ. ಆದುದರಿಂದ ಬಡವನು ಬಡತನದಲ್ಲಿಯೇ ಸುಖವನ್ನು ಕಾಣತಕ್ಕದ್ದು ಎಂಬುದು ಎರಡನೆಯದು. ಲಕ್ಕಮ್ಮನು ಹೆಚ್ಚಿನ ಅಕ್ಕಿಯನ್ನು ಹಿಂದಿರುಗಿಸಿದ ಪ್ರಸಂಗವನ್ನು ಇಬ್ಬರೂ ಆಶಾತ್ಯಾಗದ ದೃಷ್ಟಾಂತವೆಂದೇ ಉದಾಹರಿಸುತ್ತಾರೆ. ಆ ಅಕ್ಕಿ ಯಾರ ಅಂಗಳದಿಂದ ಬಂತು, ಯಾರ ಇಚ್ಛೆಯಿಂದ ಹೆಚ್ಚಿತು ಎಂಬ ಪ್ರಶ್ನೆಯನ್ನು ಲಕ್ಕಮ್ಮನು ಸ್ಪಷ್ಟವಾಗಿ ಎತ್ತಿದ್ದರೂ ವ್ಯಾಖ್ಯಾನಕಾರರು ಎತ್ತುವುದಿಲ್ಲ.

ಪ್ರಸಂಗವು ಸುಪ್ರಸಿದ್ಧವಾದರೂ ಅದರ ಅನುಕ್ರಮವನ್ನು ಸ್ವಲ್ಪ ನೆನಪಿಗೆ ತಂದುಕೊಳ್ಳುವುದು ಅವಶ್ಯಕ. ಮಾರಯ್ಯ ಲಕ್ಕಮ್ಮರು ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ದಂಪತಿಗಳು. ಶರಣರ ಮನೆಗಳ ಅಂಗಳಗಳಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದುತಂದು, ಅದರಿಂದ ಜಂಗಮದಾಸೋಹವನ್ನು ನಡೆಸುವುದು ಅವರ ನೇಮ. ಒಂದು ದಿನ ಮಾರಯ್ಯನು ಪ್ರಭುದೇವರೊಡನೆ ಅನುಭಾವದ ಮಾತಿನಲ್ಲಿ ಮಗ್ನನಾಗಿ ಹೊತ್ತುಹೋದುದನ್ನು ಅರಿಯುವುದಿಲ್ಲ. ಮಾತಿನ ವಿಷಯವೂ ಕಾಯಕವೇ. ಕಾಯಕದಲ್ಲಿ ತೊಡಗಿರುವವನು ಗುರುದರ್ಶನವನ್ನೂ ಲಿಂಗಪೂಜೆಯನ್ನೂ ಮರೆತರೆ ದೋಷವಿಲ್ಲ, ಜಂಗಮನು ಬಂದು ಎದುರಿಗೆ ನಿಂತರೂ ಆ ಹಂಗನ್ನು ಹರಿದುಕೊಳ್ಳಬೇಕು ಎಂದು ಮಾರಯ್ಯನು ಪ್ರತಿಪಾದಿಸುತ್ತಾನೆ. ಇಷ್ಟರಲ್ಲಿ ಲಕ್ಕಮ್ಮನು ಬಂದು, ಕಾಯಕವು ನಿಂತುಹೋಗಿದೆ, ಬೇಗ ಹೋಗಬೇಕು ಎಂದು ಎಚ್ಚರಿಸುತ್ತಾಳೆ. ಕಾಯಕವನ್ನು ಕೊಂಡಾಡುತ್ತ ಕಾಯಕವನ್ನೇ ಮರೆತ ಗಂಡನನ್ನು ಹೆಂಡತಿಯು ಕಂಡುಹಿಡಿಯುವ ಈ ಸನ್ನಿವೇಶದಲ್ಲಿ ಹಾಸ್ಯವಿದೆ. ಸಂಕಲನಕಾರರು ಅದನ್ನು ಬೇಕೆಂದೇ ಇಟ್ಟಿರಬೇಕು. ಮಾರಯ್ಯನು ಒಡನೆ ಎದ್ದು ಬಸವಣ್ಣನವರ ಮಹಾಮನೆಯ ಅಂಗಳಕ್ಕೆ ಹೋಗಿ ಅಕ್ಕಿಯನ್ನು ಆಯ್ದು ತರುತ್ತಾನೆ. ಆ ಅಕ್ಕಿ ದಿನದ ಅಳತೆಗಿಂತ ಹೆಚ್ಚಾಗಿರುತ್ತದೆ. ಲಕ್ಕಮ್ಮನು ನೋಡಿ, ಇದು ಮಾರಯ್ಯನ ಮನಸ್ಸಿನ ಕೆಲಸವೋ ಬಸವಣ್ಣನ ಸಂದೇಹದ ಕೆಲಸವೋ ಎಂದು ಕೇಳಿ, ತಮ್ಮ ಲಿಂಗಕ್ಕೆ ಇಂತಹ ಬೋನವು ಸಲ್ಲದೆಂದೂ, ಅದನ್ನು ತಂದ ಸ್ಥಳದಲ್ಲಿಯೇ ಸುರಿದು ಬರಬೇಕೆಂದೂ ವಿಧಿಸುತ್ತಾಳೆ.

ಇಲ್ಲಿ ಪಾಠವಿಚಾರದ ಒಂದು ಎಚ್ಚರಿಕೆ ಅಗತ್ಯ. ಲಕ್ಕಮ್ಮನ ಹೆಸರಿನಲ್ಲಿ ಇಪ್ಪತ್ತೈದರಷ್ಟು ವಚನಗಳು ದೊರೆತಿವೆ. ಅವುಗಳ ಅಂಕಿತ ಮಾರಯ್ಯಪ್ರಿಯ ಅಮರೇಶ್ವರಲಿಂಗ. ವಚನಗಳು ೧೨ನೆಯ ಶತಮಾನದವು. ಅವುಗಳನ್ನು ಸಂವಾದರೂಪದಲ್ಲಿ ಪೋಣಿಸಿದ ಶೂನ್ಯಸಂಪಾದನೆಗಳು ೧೫ನೆಯ ಶತಮಾನದಿಂದ ಈಚಿನವು. ಆದುದರಿಂದ ಕಥೆಯ ಅನುಕ್ರಮವು ಸಂಕಲನಕಾರರ ಬುದ್ಧಿಯನ್ನು ತೋರಿಸುತ್ತದೆಯೇ ಹೊರತು ಕಲ್ಯಾಣದಲ್ಲಿ ನಡೆದ ಸಂಗತಿಗೆ ಸಾಕ್ಷಿಯಾಗಲಾರದು. ಆದರೆ ಅಕ್ಕಿಯ ಹೆಚ್ಚಳ, ಬಸವಣ್ಣನ ಹೆಸರು, ಸುರಿದು ಬರಬೇಕೆಂಬ ವಿಧಿ, ಇವು ಮೂರೂ ವಚನದೊಳಗೇ ಇವೆ. ಕಥೆಯನ್ನು ಬಿಟ್ಟರೂ ಅವು ಬಿಡುವಂತಿಲ್ಲ. ಪ್ರಕೃತ ವಿಚಾರಕ್ಕೆ ಅಷ್ಟು ಸಾಕು.

ಆ ವಚನದ ಶಬ್ದಗಳಲ್ಲಿ ಎರಡು ಪರಿಶೀಲನಾರ್ಹವಾಗಿವೆ: ‘ಒಮ್ಮನ’ ಮತ್ತು ‘ಇಮ್ಮನ’. ಒಂದೇ ಮನಸ್ಸು, ಎರಡಾದ ಮನಸ್ಸು ಎಂಬುದು ಇವುಗಳ ವಾಚ್ಯಾರ್ಥ. ಗಂಡನು ಒಮ್ಮನವನ್ನು ದಾಟಿ ಇಮ್ಮನದಿಂದ ಅಕ್ಕಿ ತಂದನೆಂಬುದು ಲಕ್ಕಮ್ಮನ ಆಕ್ಷೇಪ. ‘ಮಾನ’ವೆಂಬುದು ಧಾನ್ಯದ ಅಳತೆಯೊಂದರ ಹೆಸರೂ ಆಗಿದೆ, ಒಂದು ಮಾನಕ್ಕೆ ‘ಒಮ್ಮಾನ’ವೆಂದು ಹಳೆಯ ರೂಢಿ. ಸ್ವರದ ಹ್ರಸ್ವದೀರ್ಘಭೇದವಿರುವುದರಿಂದ ಆಲಂಕಾರಿಕರ ಲಕ್ಷಣಕ್ಕೆ ಒಪ್ಪುವಂತೆ ಇದನ್ನು ಶ್ಲೇಷವೆಂದು ಹೇಳಲಾಗುವುದಿಲ್ಲ. ಶಬ್ದಶಕ್ತಿಮೂಲಧ್ವನಿಯೆಂದು ಹೇಳುವುದೂ ಸಾಹಸವಾದೀತು. ಆದರೂ ಅಕ್ಕಿಯನ್ನು ಕಣ್ಣಮುಂದಿಟ್ಟುಕೊಂಡು ಆಡಿದ ಮಾತಿನಲ್ಲಿ ‘ಒಮ್ಮನ’ವೆಂಬ ಶಬ್ದವು ಕಿವಿಗೆ ಬಿದ್ದಾಗ ಒಮ್ಮಾನದ ಅಳತೆಯ ನೆನಪು ಬರದಿರುವುದು ಅಸಂಭವ. ದಿನನಿತ್ಯ ಅಕ್ಕಿಯನ್ನು ಅಳೆದು ಅಟ್ಟು ಬಡಿಸುವ ಗೃಹಿಣಿಯ ಬಾಯಲ್ಲಿ ಮನಸ್ಸಿನ ಏಕತೆಯೂ ಧಾನ್ಯದ ಅಳತೆಯೂ ಒಂದೇ ಉಸಿರಿನಲ್ಲಿ ಬರುತ್ತವೆ. ಅಕ್ಕಿ ಎರಡರಷ್ಟಾದರೆ ಮನಸ್ಸೂ ಎರಡಾಗುತ್ತದೆ. ಮನಸ್ಸು ಎರಡಾದುದರ ಗುರುತು ಅಕ್ಕಿಯಲ್ಲಿಯೇ ಕಾಣುತ್ತದೆ. ಪ್ರಭುದೇವರ ಸಭೆಯಲ್ಲಿ ನಡೆದ ದೀರ್ಘಚರ್ಚೆಗೆ ದೊರೆಯದ ಪ್ರಮಾಣವು ಅಡುಗೆಮನೆಯಲ್ಲಿ ದೊರೆಯಿತು.

ಸಂಸ್ಕೃತವಾಙ್ಮಯದ ಪರಿಚಯವುಳ್ಳವರಿಗೆ ಮಾರಯ್ಯನ ಕಾಯಕವನ್ನು ಕಂಡೊಡನೆ ಉಂಛವೃತ್ತಿಯು ನೆನಪಿಗೆ ಬರುವುದು ಸಹಜ. ಹೊಲದಲ್ಲಿ ಕೊಯ್ಲಾದ ಮೇಲೆ ಉಳಿದ ಕಾಳುಗಳನ್ನೂ ತೆನೆಗಳನ್ನೂ ಆಯ್ದು ಜೀವಿಸುವ ಈ ವೃತ್ತಿಗೆ ಮನುವು ತನ್ನ ನಾಲ್ಕನೆಯ ಅಧ್ಯಾಯದಲ್ಲಿ ‘ಋತ’ವೆಂಬ ಹೆಸರನ್ನು ಕೊಟ್ಟು ಅಗ್ರಸ್ಥಾನದಲ್ಲಿಟ್ಟಿದ್ದಾನೆ. ಬೇಡದೆ ಬಂದದ್ದು ‘ಅಮೃತ’, ಬೇಡಿ ತಂದದ್ದು ‘ಮೃತ’, ಕೃಷಿಯು ‘ಪ್ರಮೃತ’, ವ್ಯಾಪಾರವು ‘ಸತ್ಯಾನೃತ’. ಸೇವಾವೃತ್ತಿಯನ್ನು ನಾಯಿಯ ವೃತ್ತಿಯೆಂದು ಕರೆದು ಬಿಡತಕ್ಕದ್ದೆಂದು ಹೇಳಿದೆ. ಅಲ್ಲಿಯೇ ಮುಂದೆ ಗೃಹಸ್ಥರನ್ನು ಅವರ ಸಂಗ್ರಹದ ಪ್ರಮಾಣದಿಂದ ನಾಲ್ಕು ತರಗತಿಗಳಾಗಿ ವಿಭಾಗಿಸಿದೆ: ಕಣಜ ತುಂಬ ಧಾನ್ಯವುಳ್ಳವನು, ಗಡಿಗೆ ತುಂಬ ಉಳ್ಳವನು, ಮೂರು ದಿನಕ್ಕೆ ಸಾಲುವಷ್ಟು ಉಳ್ಳವನು, ನಾಳೆಗೆ ಏನೂ ಇಲ್ಲದವನು. ಇವರಲ್ಲಿ ಹಿಂದಿನವನಿಗಿಂತ ಮುಂದಿನವನು ಶ್ರೇಷ್ಠ. ಈ ‘ಅಶ್ವಸ್ತನಿಕ’ನ ಆದರ್ಶವು ಮಾರಯ್ಯನ ಮನೆಗೆ ಅಕ್ಷರಶಃ ಅನ್ವಯಿಸುತ್ತದೆ. ಬಸವಣ್ಣನವರೂ ತಮ್ಮ ವಚನವೊಂದರಲ್ಲಿ ಹೊನ್ನಿನ ಒಂದು ಒರೆಯನ್ನಾಗಲಿ ಬಟ್ಟೆಯ ಒಂದು ಎಳೆಯನ್ನಾಗಲಿ ಇಂದಿಗೂ ನಾಳೆಗೂ ಬಯಸುವುದಿಲ್ಲವೆಂದು ಪ್ರತಿಜ್ಞೆಮಾಡಿದ್ದಾರೆ. ಇಷ್ಟನ್ನು ನೋಡಿ, ಶರಣರ ಕಾಯಕವು ಧರ್ಮಶಾಸ್ತ್ರದ ಉಂಛವೃತ್ತಿಯ ದೇಶೀರೂಪವೇ ಎಂದು ನಿರ್ಣಯಿಸುವವರಿದ್ದಾರೆ.

ನಿರ್ಣಯವು ಅವಸರದ್ದು. ಮಹಾಭಾರತದಲ್ಲಿ ಉಂಛವೃತ್ತಿಯ ಎರಡು ಪ್ರಸಿದ್ಧ ಕಥೆಗಳಿವೆ. ವನಪರ್ವದ ಮುದ್ಗಲನು ಪಕ್ಷವೊಂದಕ್ಕೆ ಒಂದು ದ್ರೋಣದಷ್ಟು ಬತ್ತವನ್ನು ಆಯ್ದು ಕೂಡಿಸಿ ಅತಿಥಿಗಳನ್ನು ತೃಪ್ತಿಪಡಿಸುತ್ತಿದ್ದವನು. ದುರ್ವಾಸನು ಆರು ಸಲ ಬಂದು ಎಲ್ಲವನ್ನೂ ಉಂಡರೂ ಅವನ ಮನಸ್ಸು ಕದಡಲಿಲ್ಲ. ಕೊನೆಗೆ ದೇವದೂತನು ವಿಮಾನವನ್ನು ತಂದಾಗ ಸ್ವರ್ಗದ ಗುಣದೋಷಗಳನ್ನು ಕೇಳಿ ತಿಳಿದು ಅವನು ಸ್ವರ್ಗವನ್ನೇ ಬೇಡವೆಂದನು. ಆಶ್ವಮೇಧಿಕಪರ್ವದಲ್ಲಿ ಅರ್ಧ ಮೈ ಹೊನ್ನಾದ ಮುಂಗುಸಿಯು ಹೇಳುವ ಕಥೆಯಲ್ಲಿ ಕುರುಕ್ಷೇತ್ರದ ಬಡ ಬ್ರಾಹ್ಮಣನೂ ಅವನ ಹೆಂಡತಿ, ಮಗ, ಸೊಸೆಯರೂ ಬರಗಾಲದಲ್ಲಿ ದೊರೆತ ಒಂದಿಷ್ಟು ಹಿಟ್ಟನ್ನು ಒಬ್ಬರಾದ ಮೇಲೆ ಒಬ್ಬರು ಅತಿಥಿಗೆ ಕೊಟ್ಟುಬಿಡುತ್ತಾರೆ. ಧರ್ಮರಾಜನ ಅಶ್ವಮೇಧವು ಆ ಹಿಟ್ಟಿಗೆ ಸಮಾನವಲ್ಲವೆಂಬುದು ಮುಂಗುಸಿಯ ತೀರ್ಪು. ಎರಡೂ ಕಥೆಗಳು ಉಜ್ಜ್ವಲವಾದವು. ಆದರೆ ಅವುಗಳಲ್ಲಿ ಪರೀಕ್ಷೆಯಿರುವುದು ಕೊಡುವುದರಲ್ಲಿ. ಆಯ್ದು ತಂದವನು ಕೊಡಬಲ್ಲನೇ ಎಂಬುದು ಅಲ್ಲಿಯ ಪ್ರಶ್ನೆ. ಲಕ್ಕಮ್ಮನ ಪ್ರಸಂಗದಲ್ಲಿ ಪರೀಕ್ಷೆಯಿರುವುದು ಕೊಳ್ಳುವುದರಲ್ಲಿ. ಕೊಟ್ಟುಬಿಡುವುದರಲ್ಲಿ ಈ ದಂಪತಿಗಳಿಗೆ ಕಷ್ಟವೇ ಇಲ್ಲ. ಹೆಚ್ಚಿಗೆ ಬಂದ ಅಕ್ಕಿಯನ್ನು ಅವರು ಜಂಗಮರಿಗೆ ನೀಡಿ ಪುಣ್ಯವನ್ನು ಗಳಿಸಬಹುದಾಗಿತ್ತು. ದಾನದ ದೃಷ್ಟಿಯಿಂದ ನೋಡಿದರೆ ಹಾಗೆ ಮಾಡುವುದೇ ಉಚಿತವಾಗಿಯೂ ತೋರುತ್ತದೆ. ಲಕ್ಕಮ್ಮನು ಆ ದಾರಿಯನ್ನು ಮೊದಲೇ ಮುಚ್ಚುತ್ತಾಳೆ. ಅವಳ ಮತದಲ್ಲಿ ವಸ್ತುವು ಒಳ್ಳೆಯ ಕೆಲಸಕ್ಕೆ ವಿನಿಯೋಗವಾದ ಮಾತ್ರದಿಂದ ಬಂದ ದಾರಿಯ ದೋಷವು ಪರಿಹಾರವಾಗುವುದಿಲ್ಲ.

ಇದಕ್ಕಿಂತಲೂ ಗಮನಿಸತಕ್ಕ ಅಂಶವೊಂದಿದೆ. ಭಗವದ್ಗೀತೆಯ ನಾಲ್ಕನೆಯ ಅಧ್ಯಾಯದಲ್ಲಿ ‘ಯದೃಚ್ಛಾಲಾಭ’ದಿಂದ ಸಂತುಷ್ಟನಾದವನ ಪ್ರಶಂಸೆಯಿದೆ. ಬೇಡದೆ, ಪ್ರಯತ್ನಿಸದೆ ತಾನಾಗಿ ಬಂದ ಲಾಭವೇ ಯದೃಚ್ಛಾಲಾಭವೆಂದು ಭಾಷ್ಯಕಾರರ ವಿವರಣೆ. ಮನುವಿನ ‘ಅಮೃತ’ವೂ ಇದೇ. ಅಂಗಳದಲ್ಲಿ ಅಂದು ಹೆಚ್ಚು ಅಕ್ಕಿ ಬಿದ್ದಿತ್ತು, ಮಾರಯ್ಯನು ಯಾರನ್ನೂ ಬೇಡಲಿಲ್ಲ, ತನ್ನ ನಿತ್ಯದ ಕೆಲಸವನ್ನೇ ಮಾಡಿದನು. ಗೀತೆಯ ಲಕ್ಷಣಕ್ಕೆ ಆ ಅಕ್ಕಿ ಸಂಪೂರ್ಣವಾಗಿ ಒಪ್ಪುತ್ತದೆ. ಶಾಸ್ತ್ರವನ್ನು ಬಲ್ಲ ಗೃಹಿಣಿಯಾಗಿದ್ದರೆ ಸಂತೋಷದಿಂದ ಸ್ವೀಕರಿಸುತ್ತಿದ್ದಳು. ಲಕ್ಕಮ್ಮನು ಆ ಯದೃಚ್ಛೆಯನ್ನು ನಂಬುವುದಿಲ್ಲ. ತಾನಾಗಿ ಬಂದಂತೆ ಕಾಣುವುದರ ಹಿಂದೆ ಯಾರದೋ ಮನಸ್ಸಿದೆಯೆಂದು ಅವಳು ಗುರುತಿಸುತ್ತಾಳೆ. ಉಂಛವೃತ್ತಿಯಲ್ಲಿ ಹೊಲದ ಒಡೆಯನು ಕಾಣುವುದೇ ಇಲ್ಲ. ಕಾಳು ನೆಲದ ಮೇಲಿದೆ, ಋಷಿಯು ಆಯುತ್ತಾನೆ. ಇಲ್ಲಿ ಅಂಗಳದ ಒಡೆಯನಿಗೆ ಹೆಸರಿದೆ, ಆ ಹೆಸರನ್ನು ಲಕ್ಕಮ್ಮನು ಹೇಳುತ್ತಾಳೆ. ಸಂತೋಷವೆಂಬ ಗುಣವನ್ನು ಕುರಿತು ಸಂಸ್ಕೃತದಲ್ಲಿ ಬಂದಿರುವ ಅಪಾರವಾದ ಸುಭಾಷಿತರಾಶಿಯಲ್ಲಿ ಈ ವಿವೇಕಕ್ಕೆ ಸಮಾನವಾದುದು ಸುಲಭವಾಗಿ ಸಿಕ್ಕುವಂತಿಲ್ಲ.

ಹಾಗಾದರೆ ಹೆಚ್ಚಿನ ಅಕ್ಕಿಯಲ್ಲಿ ಲಕ್ಕಮ್ಮನು ಕಂಡ ದೋಷವು ಆಸೆಯೊಂದೇ ಅಲ್ಲ. ಆಸೆಯ ಹೆಸರು ವಚನಗಳಲ್ಲಿ ಇದೆ. ಅದು ಅರಸರಿಗೆ ತಕ್ಕುದು, ಶಿವಭಕ್ತರಿಗಲ್ಲ ಎಂದು ಆಕೆಯು ಹೇಳಿರುವುದು ಎಲ್ಲರೂ ಬಲ್ಲ ವಿಷಯ. ಆದರೆ ಬಡತನವನ್ನು ಕುರಿತ ಇನ್ನೊಂದು ವಚನದ ಕೊನೆಯಲ್ಲಿ ‘ಹಂಗು’ ಎಂಬ ಮಾತು ಬರುತ್ತದೆ. ತನ್ನ ಲಿಂಗವು ಇರುವವರೆಗೆ ತನಗೆ ಯಾರ ಹಂಗೂ ಇಲ್ಲವೆಂಬುದು ಅದರ ನಿಗಮನ. ಆ ವಚನದ ದೃಷ್ಟಾಂತಾಲಂಕಾರವು ಸ್ವಾರಸ್ಯವಾಗಿದೆ. ಬೆಟ್ಟವು ಎಷ್ಟು ಗಟ್ಟಿಯಾದರೂ ಉಳಿಯ ಮೊನೆಯ ಬಡತನದಿಂದ ಒಡೆಯದೆ ಇರುವುದೇ ಎಂದು ಪ್ರಶ್ನೆ. ‘ಬಡ’ ಎಂದರೆ ಕೃಶ, ತೆಳ್ಳಗಿನದು. ‘ಬಡ’ ಎಂದರೆ ದರಿದ್ರ. ಮೊನೆಯ ಪಕ್ಷದಲ್ಲಿ ಮೊದಲನೆಯ ಅರ್ಥ, ಭಕ್ತನ ಪಕ್ಷದಲ್ಲಿ ಎರಡನೆಯದು. ಇದು ನಿರ್ದುಷ್ಟವಾದ ಶ್ಲೇಷ. ಇದಕ್ಕೆ ಯಾವ ಆಲಂಕಾರಿಕನೂ ಆಕ್ಷೇಪವೆತ್ತಲಾರನು. ಮೊನೆಯು ದಪ್ಪವಾದರೆ ಕಲ್ಲನ್ನು ಒಡೆಯಲಾರದು. ಹೀಗೆ ನೋಡಿದಾಗ ಲಕ್ಕಮ್ಮನಿಗೆ ಬಡತನವು ಸಹಿಸಿಕೊಳ್ಳಬೇಕಾದ ದುಃಖವೂ ಅಲ್ಲ, ಕೊಂಡಾಡಬೇಕಾದ ವ್ರತವೂ ಅಲ್ಲ. ಅದು ಕೆಲಸದ ಉಪಕರಣದ ಹರಿತ. ಹೆಚ್ಚಿನ ಅಕ್ಕಿಯಿಂದ ಹೊಟ್ಟೆಗೆ ಕೇಡಿಲ್ಲ, ಮೊನೆಗೆ ಕೇಡು. ಮನಸ್ಸು ಶುದ್ಧವಾಗಿ ಕಾಯಕವನ್ನು ಮಾಡುವವನಿಗೆ ಕಣ್ಣು ಹಾಯಿಸಿದ ಕಡೆಯೆಲ್ಲ ಲಕ್ಷ್ಮಿಯು ಕಾಣುವಳೆಂದು ಬೇರೊಂದು ವಚನದಲ್ಲಿ ಹೇಳಿರುವವಳೂ ಇವಳೇ. ಬಡತನವನ್ನು ಬಡತನಕ್ಕಾಗಿಯೇ ಪ್ರೀತಿಸುವವಳು ಲಕ್ಷ್ಮಿಯ ಹೆಸರನ್ನು ಎತ್ತುವ ಕಾರಣವಿರಲಿಲ್ಲ.

‘ಕಾಯಕ’ ಶಬ್ದವನ್ನು ಕುರಿತು ಒಂದು ಪ್ರಾಸಂಗಿಕ ಮಾತು. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಬಡ್ಡಿಯ ಪ್ರಕಾರಗಳನ್ನು ಹೇಳುವಾಗ ಚಕ್ರವೃದ್ಧಿ, ಕಾಲವೃದ್ಧಿಗಳ ಜೊತೆಗೆ ‘ಕಾಯಿಕಾ’ ಎಂಬುದೊಂದು ಬರುತ್ತದೆ. ಸಾಲಕ್ಕೆ ಪ್ರತಿಯಾಗಿ ಶರೀರಶ್ರಮದಿಂದ ತೀರಿಸುವ ಬಡ್ಡಿಯೆಂದು ಕೆಲವು ವ್ಯಾಖ್ಯಾನಕಾರರು ಅದನ್ನು ಅರ್ಥಮಾಡಿದ್ದಾರೆ. ಶರಣರು ಈ ಪಾರಿಭಾಷಿಕ ಶಬ್ದವನ್ನು ಮನಸ್ಸಿನಲ್ಲಿಟ್ಟುಕೊಂಡು ಕಾಯಕವೆಂಬ ಮಾತನ್ನು ಬಳಕೆಗೆ ತಂದರೆಂದು ಹೇಳಲು ಆಧಾರವಿಲ್ಲ. ಆದರೂ ಒಂದೇ ಧಾತುಮೂಲದ ಶಬ್ದವು ಒಂದೆಡೆ ಸಾಲಗಾರನ ಮೈದುಡಿತಕ್ಕೂ, ಇನ್ನೊಂದೆಡೆ ಯಾರ ಸಾಲವೂ ಇಲ್ಲದವನ ಮೈದುಡಿತಕ್ಕೂ ಹೆಸರಾದುದು ವಿಚಿತ್ರವಾಗಿದೆ. ಹಂಗು ಇದ್ದಲ್ಲಿ ಕಾಯಕವು ಕಾಯಿಕಾವೃದ್ಧಿಗೆ ತಿರುಗುತ್ತದೆ.

ಹೆಚ್ಚಳವನ್ನು ತರುವವನು ಬಸವಣ್ಣನೇ ಆಗಿರುವುದು ಈ ಪ್ರಸಂಗದಲ್ಲಿ ಮಾತ್ರವಲ್ಲ. ಮೋಳಿಗೆಯ ಮಾರಯ್ಯನು ಕಾಶ್ಮೀರದ ಅರಸುತನವನ್ನು ಬಿಟ್ಟುಬಂದು ಕಟ್ಟಿಗೆಯ ಹೊರೆಯನ್ನು ಮಾರಿ ಜೀವಿಸುತ್ತಿದ್ದನೆಂದು ಪರಂಪರೆ. ಅವನಿಲ್ಲದಾಗ ಬಸವಣ್ಣನು ಮನೆಗೆ ಬಂದು ಅಂಬಲಿಯನ್ನು ಸ್ವೀಕರಿಸಿ, ಹೋಗುವಾಗ ಹೊನ್ನನ್ನು ಮರೆಯಾಗಿ ಇಟ್ಟುಹೋಗುತ್ತಾನೆ. ಮಾರಯ್ಯನು ಅದನ್ನು ಮನೆಯಲ್ಲಿ ನಿಲ್ಲಗೊಡುವುದಿಲ್ಲ. ನುಲಿಯ ಚಂದಯ್ಯನು ಹುಲ್ಲಿನ ಹಗ್ಗವನ್ನು ಹೊಸೆದು ಮಾರುವವನು. ಹುಲ್ಲು ಕೊಯ್ಯುವಾಗ ಜಾರಿಬಿದ್ದ ಲಿಂಗವನ್ನು ಕೂಡ ಕಾಯಕವು ಕೆಡುವುದೆಂದು ಎತ್ತಿಕೊಳ್ಳದವನು. ಕೊನೆಗೆ ಆ ಲಿಂಗವೇ ಹಗ್ಗವನ್ನು ಮಾರಲು ಹೋಗಿ, ಬಸವಣ್ಣನಿಂದ ಹಗ್ಗದ ಬೆಲೆಗೆ ಎಷ್ಟೋ ಮೀರಿದ ಹೊನ್ನನ್ನು ತಂದಾಗ ಚಂದಯ್ಯನು ಸಂತೋಷಪಡುವುದರ ಬದಲು ಸಿಟ್ಟಾಗುತ್ತಾನೆ. ಸಲ್ಲತಕ್ಕ ಬೆಲೆಯಷ್ಟೇ ಅವನಿಗೆ ಬೇಕು. ಇತರರನ್ನು ಪೀಡಿಸಿಯೋ ಬೇಡಿಯೋ ತಂದ ಧನದಿಂದ ಮಾಡುವ ದಾಸೋಹವು ಲಿಂಗಕ್ಕೆ ನೈವೇದ್ಯವಾಗದೆಂಬುದು ಅವನ ವಚನದ ತಾತ್ಪರ್ಯ. ಈ ಮೂರು ಕಥೆಗಳಲ್ಲಿಯೂ ದುಡಿಯುವವನ ನೇಮವನ್ನು ಅಲುಗಾಡಿಸುವ ವಸ್ತುವು ಕಳ್ಳತನದಿಂದಲೋ ವಂಚನೆಯಿಂದಲೋ ಬರುವುದಿಲ್ಲ. ಬಿಜ್ಜಳನ ಭಂಡಾರಿಯ ಔದಾರ್ಯದಿಂದ ಬರುತ್ತದೆ. ಶರಣಸಂಪ್ರದಾಯವು ತನ್ನ ಅತ್ಯಂತ ಪೂಜ್ಯನಾದ ವ್ಯಕ್ತಿಯನ್ನೇ ಈ ಸ್ಥಾನದಲ್ಲಿ ನಿಲ್ಲಿಸಿದುದು ಸಾಮಾನ್ಯವಾದ ಧೈರ್ಯವಲ್ಲ. ಲಂಚವನ್ನು ನಿರಾಕರಿಸುವುದು ಸುಲಭ. ದಾರಿಯಲ್ಲಿ ಬಿದ್ದ ಹೊನ್ನನ್ನೂ ವಸ್ತ್ರವನ್ನೂ ಕೈಯಿಂದ ಮುಟ್ಟೆನೆಂದು ಆಣೆಯಿಟ್ಟ, ಅಂಗಳ ಗುಡಿಸುವ ಕಾಯಕದ ಸತ್ಯಕ್ಕನ ಛಲವೂ ಈ ಜಾತಿಯದು. ಪ್ರೀತಿಯಿಂದ, ಗೌರವದಿಂದ, ಕಾಣದಂತೆ ಕೊಟ್ಟ ಹೆಚ್ಚಳವನ್ನು ನಿರಾಕರಿಸುವುದು ಬೇರೆಯೇ ಒಂದು ವಿಷಯ.

ಈಚಿನ ಪಾಶ್ಚಾತ್ಯ ಮನಶ್ಶಾಸ್ತ್ರಜ್ಞರು ದ್ರವ್ಯಾಭಿಲಾಷೆಗೂ ಕೆಲಸದಲ್ಲಿಯ ಮನಸ್ಸೌಖ್ಯಕ್ಕೂ ಇರುವ ಸಂಬಂಧವನ್ನು ಪ್ರಶ್ನಾವಳಿಗಳ ಮೂಲಕ ವಿಚಾರಿಸಿದ್ದಾರೆ. ಟಿಮ್ ಕಾಸರ್ ಮತ್ತು ರಿಚರ್ಡ್ ರಯಾನ್ ಎಂಬವರು ಅಮೇರಿಕದಲ್ಲಿ ನಡೆಸಿ ೧೯೯೩ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಜೀವನದ ಇತರ ಧ್ಯೇಯಗಳಿಗಿಂತ ಧನಸಂಪಾದನೆಯನ್ನೇ ಮುಖ್ಯವಾಗಿ ಎಣಿಸಿದ ತರುಣರಲ್ಲಿ ಚೈತನ್ಯವು ಕಡಮೆಯೂ ಖಿನ್ನತೆ ಕಳವಳಗಳು ಹೆಚ್ಚೂ ಆಗಿ ಕಂಡುಬಂದವು. ಮಾರ್ಟೆನ್ ವಾನ್‌ಸ್ಟೀನ್‌ಕಿಸ್ಟೆ ಮೊದಲಾದವರು ಬೆಲ್ಜಿಯಮ್ ದೇಶದ ನೌಕರರನ್ನು ಕುರಿತು ೨೦೦೭ರಲ್ಲಿ ಬರೆದ ಲೇಖನದಂತೆ, ಸಂಬಳ ಪದವಿಗಳನ್ನೇ ಕೆಲಸದ ಸಾರವೆಂದು ತಿಳಿದವರಿಗೆ ಕೆಲಸದಲ್ಲಿ ತೃಪ್ತಿಯೂ ನಿಷ್ಠೆಯೂ ಕಡಮೆ, ಬಳಲಿಕೆ ಹೆಚ್ಚು. ಸ್ವಾತಂತ್ರ್ಯ, ಸಾಮರ್ಥ್ಯ, ಸಹಜನರ ಬಾಂಧವ್ಯ ಎಂಬ ಮೂರು ಅಗತ್ಯಗಳು ಪೂರೈಸದಿರುವುದು ಇದಕ್ಕೆ ಒಂದು ಕಾರಣವೆಂದು ಅವರ ಅಭಿಪ್ರಾಯ. ೨೦೧೪ರಲ್ಲಿ ಹೆಲ್ಗಾ ಡಿಟ್ಮಾರ್ ಮೊದಲಾದವರು ದ್ರವ್ಯಾಭಿಲಾಷೆಯನ್ನು ಕುರಿತ ಅನೇಕ ಸಂಶೋಧನೆಗಳನ್ನು ಒಟ್ಟುಗೂಡಿಸಿ ತೂಗಿ ನೋಡಿದಾಗ ಸಂಬಂಧವು ನಿಯತವಾದುದೆಂದೂ, ಆದರೆ ಪ್ರಮಾಣದಲ್ಲಿ ಸಾಧಾರಣವೆಂದೂ ತಿಳಿದುಬಂದಿತು. ಇವು ಆದರಣೀಯವಾದ ಪ್ರಯತ್ನಗಳು. ಆದರೆ ಇವುಗಳಲ್ಲಿ ಅಳೆಯಲ್ಪಡುವುದು ದುಡಿಯುವವನ ಬಯಕೆ. ಮಾರಯ್ಯನಿಗೆ ಬಯಕೆಯಿತ್ತೆಂದು ಲಕ್ಕಮ್ಮನೂ ಖಂಡಿತವಾಗಿ ಹೇಳುವುದಿಲ್ಲ. ಪ್ರಶ್ನೆಯನ್ನು ಎರಡೂ ಕಡೆಗೆ ತೆರೆದಿಡುತ್ತಾಳೆ. ಬಯಸದವನ ಚೀಲಕ್ಕೂ ಹೆಚ್ಚಳವು ಬಂದು ಬೀಳಬಹುದು, ಬಿದ್ದಮೇಲೆ ಬಯಕೆಯು ಹುಟ್ಟಬಹುದು, ಅಥವಾ ಬಯಕೆ ಹುಟ್ಟದಿದ್ದರೂ ಹಂಗು ಹುಟ್ಟುತ್ತದೆ. ಬೆಲ್ಜಿಯಮ್ ವಿದ್ವಾಂಸರು ಸ್ವಾತಂತ್ರ್ಯವೆಂದು ಹೇಳಿದ ಅಂಶವು ಲಕ್ಕಮ್ಮನ ‘ಹಂಗಿಲ್ಲದಿರುವಿಕೆ’ಗೆ ಸಮೀಪವಾಗಿ ಬರುತ್ತದೆ, ಅಲ್ಲಿಗೆ ನಿಲ್ಲುತ್ತದೆ.

ಮ್ಯಾಕ್ಸ್ ವೆಬರನು ೧೯೦೪-೦೫ರಲ್ಲಿ ಪ್ರಕಟಿಸಿದ ಪ್ರಾಟೆಸ್ಟಂಟ್ ಧರ್ಮವಿಚಾರದೊಡನೆ ಕಾಯಕತತ್ತ್ವವನ್ನು ಹೋಲಿಸುವುದು ಈಗ ರೂಢಿಯಾಗಿದೆ. ಎರಡೂ ದುಡಿಮೆಗೆ ಪಾವಿತ್ರ್ಯವನ್ನು ಕೊಟ್ಟವೆಂಬುದು ನಿಜ. ಆದರೆ ವೆಬರನ ವರ್ಣನೆಯಲ್ಲಿ ಭೋಗಿಸದೆ ಉಳಿಸಿದ ಧನವು ಮೂಲಧನವಾಗಿ ಬೆಳೆಯುತ್ತದೆ. ಇಲ್ಲಿ ಉಳಿಯುವುದಕ್ಕೇ ಅವಕಾಶವಿಲ್ಲ. ಹೆಚ್ಚಳದ ಎದುರಿಗೆ ಬಂದೊಡನೆ ಎರಡು ದಾರಿಗಳೂ ಬೇರೆಯಾಗುತ್ತವೆ, ಆದುದರಿಂದ ಹೋಲಿಕೆಯನ್ನು ಮುಂದುವರಿಸುವುದರಲ್ಲಿ ಪ್ರಯೋಜನವಿಲ್ಲ.

ಲಕ್ಕಮ್ಮನ ವಚನವನ್ನು ಬೋಧಿಸುವವರು ಮರೆಯಬಾರದ ಒಂದು ವಿಷಯವೆಂದರೆ, ಆ ಮಾತನ್ನು ಯಾರು ಯಾರಿಗೆ ಆಡಿದರೆಂಬುದು. ಹೆಂಡತಿಯು ಗಂಡನಿಗೆ, ತಮ್ಮಿಬ್ಬರ ಮನೆಯ ಅಕ್ಕಿಯನ್ನು ಕುರಿತು ಆಡಿದ ಮಾತು ಅದು. ಅದೇ ಮಾತನ್ನು ಬಸವಣ್ಣನು ಮಾರಯ್ಯನಿಗೆ ಹೇಳಿದ್ದರೆ, ಅಂಗಳದ ಒಡೆಯನು ಆಯುವವನಿಗೆ ಇಷ್ಟು ಆಸೆ ಬೇಡವೆಂದು ಬುದ್ಧಿಹೇಳಿದ್ದರೆ, ವಚನವು ಅನ್ಯಾಯದ ವಾಕ್ಯವಾಗುತ್ತಿತ್ತು. ಸಂಬಳವನ್ನು ಕೊಡುವವರು ಸಂಬಳವನ್ನು ಕೊಳ್ಳುವವರಿಗೆ ಈ ವಚನವನ್ನು ಓದಿಹೇಳುವ ಸಮಾರಂಭಗಳು ನಾಡಿನಲ್ಲಿ ನಡೆಯುತ್ತಲೇ ಇವೆ. ವಚನದಲ್ಲಿ ಸಂಶಯಕ್ಕೆ ಒಳಗಾದವನು ಕೊಡುವವನೆಂಬುದನ್ನು ಅಂತಹ ವಕ್ತಾರರು ಲಕ್ಷಿಸುವುದಿಲ್ಲ. ಅಲ್ಲದೆ ಲಕ್ಕಮ್ಮನು ನಿರಾಕರಿಸಿದ್ದು ಹೆಚ್ಚಿನದನ್ನು. ದಿನದ ಅಳತೆಯ ಅಕ್ಕಿಯನ್ನು ಅವಳು ಒಂದು ಕಾಳಿನಷ್ಟೂ ಬಿಟ್ಟುಕೊಟ್ಟವಳಲ್ಲ. ಹೊತ್ತುಮೀರಿದರೆ ಸಭೆಯವರೆಗೆ ಬಂದು ಗಂಡನನ್ನು ಎಬ್ಬಿಸಿ ಕಳುಹಿಸಿದವಳು. ಸಲ್ಲಬೇಕಾದುದು ಸಲ್ಲದ ಕಡೆಯಲ್ಲಿ ಸಂತೋಷವನ್ನು ಬೋಧಿಸುವುದಕ್ಕೆ ಅವಳ ಸಾಕ್ಷ್ಯವನ್ನು ಕರೆಯುವಂತಿಲ್ಲ.

ಕಥೆಯ ಉತ್ತರಭಾಗದಲ್ಲಿ ಈ ದಂಪತಿಗಳು ಬಸವಣ್ಣನನ್ನೂ ಅವನ ಮನೆಯ ಜಂಗಮಸಮೂಹವನ್ನೂ ತಮ್ಮ ಗುಡಿಸಲಿಗೆ ಆಹ್ವಾನಿಸಿ, ಆಯ್ದು ತಂದ ಸ್ವಲ್ಪ ಅಕ್ಕಿಯಿಂದಲೇ ಎಲ್ಲರನ್ನೂ ತೃಪ್ತಿಪಡಿಸುತ್ತಾರೆಂದು ಪ್ರತೀತಿಯಿದೆ. ಭಕ್ತರಿಗೆ ಇದು ಪ್ರಿಯವಾದ ಭಾಗ. ಕಾವ್ಯದೃಷ್ಟಿಯಿಂದ ನೋಡಿದರೆ ಇದು ಪೂರ್ವಭಾಗದ ಶಕ್ತಿಯನ್ನು ಕುಗ್ಗಿಸುತ್ತದೆಂದೇ ಹೇಳಬೇಕು. ಹೆಚ್ಚಳವನ್ನು ನಿರಾಕರಿಸಿದವರಿಗೆ ಪವಾಡವು ಅದಕ್ಕಿಂತ ದೊಡ್ಡ ಹೆಚ್ಚಳವನ್ನು ತಂದುಕೊಟ್ಟರೆ ನಿರಾಕರಣೆಯು ಬಡ್ಡಿಗೆ ಕೊಟ್ಟ ಸಾಲದಂತೆ ಕಾಣಿಸುತ್ತದೆ. ಲಕ್ಕಮ್ಮನ ವಚನಕ್ಕೆ ಈ ಪವಾಡದ ಆಸರೆ ಬೇಕಾಗಿಲ್ಲ. ವಚನದಲ್ಲಿ ಅಕ್ಕಿಯ ಪ್ರಮಾಣವನ್ನು ಸೇರು ಬಳ್ಳಗಳಲ್ಲಿ ಹೇಳಿಲ್ಲ. ದಿನದ ಅಳತೆ ಎಷ್ಟು, ಹೆಚ್ಚಾದುದು ಎಷ್ಟು ಎಂಬ ಲೆಕ್ಕವೂ ಇಲ್ಲ. ‘ಈಸು’ ಎಂಬ ಒಂದು ಶಬ್ದವಿದೆ. ‘ಇಷ್ಟು’ ಎಂದು ಕೈಯಿಂದ ತೋರಿಸಿ ಆಡುವ ಮಾತು ಅದು. ಎದುರಿಗೆ ನಿಂತಿರುವವನಿಗೆ ಮಾತ್ರ ಅದರ ಅಳತೆ ಗೊತ್ತು.